ಮಳೆಗಾಲದಲ್ಲಿ ಹೂವಿನ ಸಸಿ ಮನೇಲೇ ಮಾಡ್ಕೊಳ್ಳೋದು ಹೇಗೆ? ಮೊಳಕೆ ಬಂದು ಬಂದು ಮಲಗ್ತಿದೆ

ಸುಮಾ_ಚಿಕ್ಕಮಗಳೂರು:

ಎಲ್ರಿಗೂ ನಮಸ್ಕಾರ. ನಾವಿರೋದು ಚಿಕ್ಕಮಗಳೂರು ಟೌನಲ್ಲೇ, ಬಾಡಿಗೆ ಮನೆ, ಮುಂದೆ ಒಂಚೂರು ಮಣ್ಣಿರೋ ಜಾಗ ಇದೆ, ಮೇಲೆ ಅರ್ಧಕ್ಕೆ ಶೀಟ್ ಹಾಕಿರೋ ಟೆರೇಸ್. ಪ್ರತಿ ವರ್ಷ ನರ್ಸರಿಯಿಂದ ಚೆಂಡು ಹೂ, ಜೀನಿಯಾ, ಪೆಟೂನಿಯಾ ಅಂತ ಕವರ್ ಸಸಿ ತರ್ತೀನಿ, ಹೂ ಬಿಡ್ತು, ಒಣಗ್ತು, ಕಿತ್ತು ಎಸೆದೆ, ಮುಂದಿನ ವರ್ಷ ಮತ್ತೆ ಹೋಗಿ ದುಡ್ಡು ಕೊಟ್ಟು ಬಾ. ಹೇಗೂ ಒಂದು ವರ್ಷದ ಗಿಡ ತಾನೆ, ಮನೇಲೇ ಸಸಿ ಮಾಡ್ಕೊಳ್ಳೋಣ ಅಂತ ಈ ಸಲ ಕೂತಿದೀನಿ.

ಹೋದ ವರ್ಷ ದೀಪಾವಳಿಗೆ ಬಿಟ್ಟಿದ್ದ ದೊಡ್ಡ ಕೇಸರಿ ಚೆಂಡು ಹೂವಿನ ಬೀಜ ಎತ್ತಿಟ್ಟಿದ್ದೆ, ಜೀನಿಯಾದು ಪ್ಯಾಕೆಟ್ ತಂದೆ. ಐಸ್‌ಕ್ರೀಂ ಡಬ್ಬಿಗೆ ಮನೆ ಮುಂದಿನ ಕೆಂಪು ಮಣ್ಣು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಸೇರಿಸಿ ಬೀಜ ಉದುರಿಸಿದೆ. ಮೊಳಕೆ ಚೆನ್ನಾಗೇ ಬರುತ್ತೆ, ಎರಡು ಎಲೆ ಬಿಡೋವರೆಗೂ ಏನೂ ತೊಂದರೆ ಇಲ್ಲ, ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದ್ರೆ ಒಂದು ಮೂಲೇಲಿ ನಾಲ್ಕೈದು ಅಡ್ಡ ಮಲಗಿರುತ್ತೆ, ಸಂಜೆಗೆ ಡಬ್ಬಿ ಪೂರ್ತಿ ಖಾಲಿ. ಬೀಜದ್ದೇ ತಪ್ಪಾ, ಮಣ್ಣಿಂದಾ, ಇಲ್ಲ ಈ ಮಳೆಯಿಂದಾ ಒಂದೂ ಗೊತ್ತಾಗ್ತಿಲ್ಲ. ಬಿಸಿಲಂತೂ ವಾರದಿಂದ ಕಂಡಿಲ್ಲ.

ಜೊತೆಗೆ ಇನ್ನೆರಡು ಡೌಟು. ಬೀಜ ಬೇಡ, ಕಡ್ಡಿ ಚುಚ್ಚಿದ್ರೇ ಬರೋ ಹೂವು ಯಾವ್ಯಾವುದು? ಮತ್ತೆ ಈಗ ಶುರು ಮಾಡಿದ್ರೆ ದಸರಾ ಹೊತ್ತಿಗೆ ಬಾಗಿಲಿಗೆ ಹಾಕೋವಷ್ಟು ಚೆಂಡು ಹೂ ಸಿಗುತ್ತಾ? ಅನುಭವ ಇರೋರು ಹೇಳಿ ಪ್ಲೀಸ್. ಯೂಟ್ಯೂಬ್ ಬೇಕಾದಷ್ಟು ನೋಡಿದೀನಿ, ಅವರೆಲ್ಲ ಬಿಸಿಲಿರೋ ಊರಿನವರು.

ಆಲ್ದೂರು_ಕಾಫಿ:

ಮಾರಾಯ್ತಿ, ಮೊದ್ಲು ಆ ಡಬ್ಬಿಲಿರೋ ಮಣ್ಣು ಎತ್ತಿ ಕಾಂಪೌಂಡ್ ಆಚೆ ಹಾಕು. ಕೆಂಪು ಮಣ್ಣಿಗೆ ಅರ್ಧಂಬರ್ಧ ಕಳಿತ ಗೊಬ್ಬರ, ಮೇಲಿಂದ ಈ ಪುನರ್ವಸು ಮಳೆ ಥಂಡಿ, ಅದರಲ್ಲಿ ಬೀಜ ಮೊಳಕೆ ಬಂದಿದ್ದೇ ಪುಣ್ಯ ಅನ್ಕೋ.

ನಮ್ಮನೇಲಿ ಕಾಫಿ ನರ್ಸರಿ ಮಾಡ್ತೀವಿ, ಹೂವಿನ ಸಸಿನೂ ಹೆಚ್ಚು ಕಮ್ಮಿ ಅದೇ ಕ್ರಮದಲ್ಲಿ ನಾನು ಮಾಡೋದು. ಕಾಫಿಗೆ ಮೊದಲು ಬೀಜದ ಮಡಿ ಬೇರೆ, ಆಮೇಲೆ ಟೋಪಿ ಹಂತಕ್ಕೆ, ಅಂದ್ರೆ ಎಳೇ ಮೊಳಕೆ ಹಂತಕ್ಕೆ ಬಂದ ಸಸಿ ಎತ್ತಿ ಬುಟ್ಟಿಗೆ, ಅಂದ್ರೆ ಪ್ಲಾಸ್ಟಿಕ್ ಕವರ್‌ಗೆ ಹಾಕೋದು ಬೇರೆ, ಎರಡಕ್ಕೂ ಒಂದೇ ಮಣ್ಣು ಯಾರೂ ಹಾಕಲ್ಲ. ಬುಟ್ಟಿಗೆ ಜರಡಿ ಹಿಡಿದ ಕಾಡು ಮಣ್ಣು 6 ಪಾಲು, ಹಳೇ ಕೊಟ್ಟಿಗೆ ಗೊಬ್ಬರ 2 ಪಾಲು, ಮರಳು 1 ಪಾಲು, ಅದು ಎಲ್ಲ ತೋಟದಲ್ಲೂ ನಡೆಯೋ ಲೆಕ್ಕ. ಹೂವಿನ ಬೀಜ ಅದಕ್ಕಿಂತ ನಾಜೂಕು ಅಲ್ವ, ಅದಕ್ಕೆ ಬೀಜ ಹಾಕೋ ಟ್ರೇಗೆ ಗೊಬ್ಬರವೇ ಬೇಡ, ಬೀಜದೊಳಗೇ ಎರಡೆಲೆ ಬರೋವಷ್ಟು ಆಹಾರ ಇರುತ್ತೆ, ತೊಳೆದ ಮರಳು ಅರ್ಧ, ಕೊಕೊಪೀಟ್ ಅಂದ್ರೆ ತೆಂಗಿನ ನಾರಿನ ಪುಡಿ ಅರ್ಧ ಹಾಕು ಸಾಕು. ನಾಲ್ಕೆಲೆ ಆದ ಮೇಲೆ ಸಣ್ಣ ಕವರ್‌ಗೆ ಎತ್ತಿ ಹಾಕೋವಾಗ ಬೇಕಾದ್ರೆ ನಮ್ಮ 6-2-1 ಹಾಕು, ಮಳೆಗಾಲ ಅಂತ ಮರಳು ಇನ್ನೂ ಒಂದು ಪಾಲು ಜಾಸ್ತಿ ಮಾಡು.

ಡಬ್ಬಿ ತಳಕ್ಕೆ ತೂತು ಮಾಡಿದೀಯಾ? ಎಲ್ರೂ ಮಾಡಿದೀನಿ ಅಂತಾರೆ, ನೋಡಿದ್ರೆ ಸೂಜಿಲಿ ಎರಡು ಚುಚ್ಚಿರ್ತಾರೆ. ಮೊಳೆ ಕಾಯಿಸಿ ಏಳೆಂಟು ಕಡೆ ತೂತು ಮಾಡು, ಕೆಳಗೆ ಎರಡು ರಿಪೀಸ್ ಪಟ್ಟಿ ಕೊಟ್ಟು ಮೇಲೆತ್ತಿ ಇಡು, ನೆಲಕ್ಕೆ ಅಂಟ್ಕೊಂಡಿದ್ರೆ ತೂತಿದ್ದೂ ನೀರು ಇಳಿಯಲ್ಲ.

ಮತ್ತೆ ಈಗ ಜುಲೈಲಿ ಎಲ್ಲ ಹೂವಿಗೂ ಕೈ ಹಾಕ್ಬೇಡ. ಚೆಂಡು ಹೂ, ಜೀನಿಯಾ, ಕಾಸ್ಮಾಸ್ ಮೂರೂ ಮೆಕ್ಸಿಕೋ ಕಡೆಯ ಗಿಡ, ಅವಕ್ಕೆ ನಮ್ಮ ಮಲ್ನಾಡಿನ ಜಿಟಿಜಿಟಿ ಆಗಿ ಬರಲ್ಲ, ಶೀಟ್ ಕೆಳಗೆ ಇಟ್ಕೊಂಡ್ರೆ ಮಾತ್ರ. ಕರ್ಣಕುಂಡಲ ನೋಡು, ಅದು ನಮ್ಮ ನೆಲದ್ದೇ, ಬೀಜ ಒಂದು ಸಲ ಬಿದ್ರೆ ಮುಗೀತು, ಪ್ರತಿ ಮಳೆಗಾಲ ತಾನೇ ಏಳುತ್ತೆ, ನಮ್ಮ ಅಂಗಳದಲ್ಲಿ ಕಿತ್ತು ಕಿತ್ತು ಸಾಕಾಗಿದೆ. ಟ್ರೇನೂ ಬೇಡ ಅದಕ್ಕೆ, ಮಳೆ ಸ್ವಲ್ಪ ಹೊಳವಾದಾಗ ನೆಲ ಕೆದಕಿ ನೇರ ಹಾಕ್ಬಿಡು.

ಮೂಡಿಗೆರೆ_ಹಾರ್ಟಿ:

ನಾನು ಮೂಡಿಗೆರೆ ತೋಟಗಾರಿಕೆ ಕಾಲೇಜಲ್ಲಿ ಓದ್ತಿರೋದು, ಈಗಷ್ಟೇ ನರ್ಸರಿ ಪ್ರಾಕ್ಟಿಕಲ್ ಮುಗಿಸಿದೀವಿ, ಗೊತ್ತಿರೋದು ಹೇಳ್ತೀನಿ, ದೊಡ್ಡವರು ತಿದ್ದಿ.

ಸುಮಾ ಮೇಡಂ, ಮಲಗಿದ ಸಸಿ ಒಂದನ್ನ ಕಿತ್ತು ಬೆಳಕಿಗೆ ಹಿಡಿದು ನೋಡಿ. ಎಲೆ ಇನ್ನೂ ಹಸಿರಾಗೇ ಇರುತ್ತೆ, ಬೇರೂ ಇರುತ್ತೆ, ಆದ್ರೆ ಕಾಂಡ ಮಣ್ಣಿಗೆ ತಾಗೋ ಜಾಗದಲ್ಲಿ ಮಾತ್ರ ನೀರುನೀರಾಗಿ ಕಂದು ಬಣ್ಣಕ್ಕೆ ತಿರುಗಿ ದಾರದ ಥರ ಸಣ್ಣಗಾಗಿರುತ್ತೆ. ಹಾಗಿದ್ರೆ ಅದು ಸಸಿ ಕೊಳೆ ರೋಗ, ಡ್ಯಾಂಪಿಂಗ್ ಆಫ್ ಅಂತಾರೆ. ಪಿಥಿಯಂ, ರೈಜೋಕ್ಟೋನಿಯಾ ಅಂತ ಮಣ್ಣಲ್ಲಿರೋ ಶಿಲೀಂಧ್ರದ ಕೆಲಸ. ಬೀಜದ ತಪ್ಪು ಅಲ್ಲ, ಮೊಳಕೆ ಬಂತು ಅಂದ್ರೆ ಬೀಜ ಚೆನ್ನಾಗೇ ಇದೆ. ಒಂದು ಮೂಲೇಲಿ ಶುರುವಾಗಿ ಹರಡ್ತು ಅಂದ್ರಲ್ಲ, ಅದು ಈ ರೋಗದ್ದೇ ನಡೆ, ಹಸಿ ಮಣ್ಣಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಬೀಜ ಒತ್ತೊತ್ತಾಗಿ ಉದುರಿಸಿದ್ರೆ ಇನ್ನೂ ಬೇಗ.

ಮಲಗಿದ್ದು ಮತ್ತೆ ಏಳಲ್ಲ, ಅದನ್ನ ಉಳಿಸೋಕೆ ಹೋಗ್ಬೇಡಿ. ಇನ್ನೊಂದು ಡಬ್ಬಿ ಉಳಿದಿದ್ರೆ ನೀರು ನಿಲ್ಲಿಸಿ, ಗಾಳಿ ಆಡೋ ಕಡೆ ಇಡಿ, ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ ಲೀಟರ್‌ಗೆ 3 ಗ್ರಾಂ ಕಲಸಿ ಮಣ್ಣು ನೆನೆಯೋ ಹಾಗೆ ಒಂದು ಸಲ ಹಾಕಿ. ಇಲ್ಲ ಔಷಧಿ ಬೇಡ ಅನ್ನೋದಾದ್ರೆ ಹೊಸ ಟ್ರೇ ತುಂಬೋವಾಗಲೇ ರೋಗ ತಡೆಯೋ ಟ್ರೈಕೋಡರ್ಮಾ ಪುಡಿ ಕಲಸಿ, ಒಂದು ಕೇಜಿ ಮಿಶ್ರಣಕ್ಕೆ ಒಂದು ಟೀ ಚಮಚ ಸಾಕು. ಎರಡೂ ಒಟ್ಟಿಗೆ ಹಾಕ್ಬೇಡಿ, ಟ್ರೈಕೋಡರ್ಮಾನೂ ಶಿಲೀಂಧ್ರವೇ, ತಾಮ್ರದ ಔಷಧಿ ಅದನ್ನೂ ಹಾಳು ಮಾಡುತ್ತೆ. ಕೊಕೊಪೀಟ್ ಇಟ್ಟಿಗೆ ತಂದ್ರೆ ಕುದಿಯೋ ನೀರಲ್ಲೇ ನೆನೆಹಾಕಿ, ಆರಿದ ಮೇಲೆ ಇನ್ನೆರಡು ನೀರಲ್ಲಿ ತೊಳೆದು ಹಿಂಡಿ, ಅದರಲ್ಲಿರೋ ಉಪ್ಪೂ ಹೋಗುತ್ತೆ. ಕೈಲಿ ಹಿಂಡಿದ್ರೆ ಉಂಡೆ ಕಟ್ಟಬೇಕು, ಬೆರಳ ಸಂದೀಲಿ ನೀರು ತೊಟ್ಟಿಕ್ಕಬಾರದು, ಆ ಹದ.

ಇನ್ನೊಂದು ಮುಖ್ಯ ವಿಷಯ ಬೆಳಕು. ಪೆಟೂನಿಯಾ ಬೀಜ ಒಂದು ಗ್ರಾಂಗೆ ಹತ್ತಿರ ಹತ್ತಿರ 10,000 ಬರುತ್ತೆ, ಅಷ್ಟು ಸಣ್ಣದು, ಅದರ ಮೇಲೆ ಮಣ್ಣು ಮುಚ್ಚಲೇಬಾರದು, ಬೆಳಕು ಬಿದ್ರೇ ಮೊಳೆಯೋದು. ಒಣ ಮರಳಲ್ಲಿ ಬೆರೆಸಿ ಮೇಲೆ ಉದುರಿಸಿ, ನೀರು ಮೇಲಿಂದ ಹಾಕದೆ ತಟ್ಟೇಲಿ ಇಟ್ಟು ಕೆಳಗಿಂದ ಹೀರೋ ಹಾಗೆ ಮಾಡಿ. ನಿತ್ಯಪುಷ್ಪ ಅಂದ್ರೆ ವಿಂಕಾ ಇದಕ್ಕೆ ಉಲ್ಟಾ, ಅದಕ್ಕೆ ಕತ್ತಲೆ ಬೇಕು, ಮೊಳಕೆ ಬರೋವರೆಗೂ ಪೇಪರ್ ಮುಚ್ಚಿಡಿ. ಚೆಂಡು ಹೂ, ಜೀನಿಯಾ ದೊಡ್ಡ ಬೀಜ, ಕಾಲು ಇಂಚು ಮುಚ್ಚಿದ್ರೆ ಆಯ್ತು, ಒಂದು ವಾರದೊಳಗೆ ಮೇಲೆ ಬರುತ್ತೆ.

ಸುಮಾ_ಚಿಕ್ಕಮಗಳೂರು:

ಅಯ್ಯೋ ಕರೆಕ್ಟಾಗಿ ಹಾಗೇ ಇದೆ ನೋಡಿ, ಬುಡದಲ್ಲಿ ಮಾತ್ರ ಕಂದು! ಎಲೆ ಹಸಿರಾಗಿದೆ ಅಂತ ನಾನು ನೀರು ಕಮ್ಮಿ ಆಗಿರ್ಬೇಕು ಅನ್ಕೊಂಡು ಇನ್ನೂ ಹಾಕ್ತಿದ್ದೆ. ಆಲ್ದೂರು ಅಕ್ಕ, ತೂತು ವಿಷಯದಲ್ಲಿ ನೀವು ಹೇಳಿದ್ದು ನನಗೇ ಹೇಳಿದ ಹಾಗಿದೆ 😄 ಇವತ್ತು ಹೊಸದಾಗಿ ಮರಳು ಕೊಕೊಪೀಟ್ ಹಾಕಿ ಟ್ರೇ ರೆಡಿ ಮಾಡ್ತೀನಿ. ಕಡ್ಡಿ ವಿಷಯ ಯಾರಾದ್ರೂ ಹೇಳ್ರಪ್ಪ.

ಹಾಸನ_ಟೆರೇಸ್:

ಕಡ್ಡಿ ವಿಷಯಕ್ಕೆ ನಾನು ಬಂದೆ. ನಮ್ದು ಹಾಸನ, ನಿಮ್ಮಷ್ಟು ಮಳೆ ಇಲ್ಲ, ಆದ್ರೂ ಜುಲೈ ಆಗಸ್ಟಲ್ಲಿ ಮೋಡ ಮುಚ್ಕೊಂಡೇ ಇರುತ್ತೆ. ನನ್ನ ಕೇಳಿದ್ರೆ ಮಲ್ನಾಡ್ ಮಳೆಗಾಲದಲ್ಲಿ ಬೀಜದ ಜೊತೆ ಗುದ್ದಾಡೋದಕ್ಕಿಂತ ಕಡ್ಡಿನೇ ವಾಸಿ. ಗಾಳೀಲೇ ತೇವ ಇರುತ್ತೆ, ಕಡ್ಡಿ ಬಾಡಲ್ಲ, ಬೇಸಿಗೇಲಿ ಮಾಡೋರು ಪ್ಲಾಸ್ಟಿಕ್ ಬಾಟಲಿ ಕವುಚಿ ಇಡ್ತಾರಲ್ಲ ಆ ಸರ್ಕಸ್ ಬೇಡ ನಮಗೆ. ಈಗ ಹಾಗೆ ಮುಚ್ಚಿಟ್ರೆ ಮೂರು ದಿನಕ್ಕೆ ಬೂಷ್ಟು, ಯೂಟ್ಯೂಬ್ ನೋಡಿ ಮುಚ್ಚಬೇಡಿ.

ಕಡ್ಡಿಗೆ ಒಗ್ಗೋದು ಅಂದ್ರೆ ಟೇಬಲ್ ರೋಸ್ ಮೊದಲು, ಅದು ಮುರಿದು ಬಿಸಾಕಿದ್ರೂ ಬರುತ್ತೆ, ಆದ್ರೆ ಶೀಟ್ ಕೆಳಗೇ ಇಡಿ, ಜಾಸ್ತಿ ನೀರಾದ್ರೆ ಅದೇ ಕರಗಿ ಹೋಗೋದು. ಕಾಫಿ ತೋಟದ ಬದಿಗಳಲ್ಲಿ ಬೆಳೆಯುತ್ತಲ್ಲ ಗುಲಾಬಿ ಕೆಂಪು ಬಿಳಿ ಇಂಪೇಶನ್ಸ್, ಅದು ಒಂದು ಲೋಟ ನೀರಲ್ಲಿಟ್ರೂ ವಾರ ಹತ್ತು ದಿನಕ್ಕೆ ಬಿಳಿ ಬೇರು ಬಿಡುತ್ತೆ. ಪೆಟೂನಿಯಾ ಬರುತ್ತೆ, ಸಾಲ್ವಿಯಾ ಬರುತ್ತೆ, ವಿಂಕಾ ಸ್ವಲ್ಪ ನಿಧಾನ. ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು ಅಂದ್ರೆ ಚೆಂಡು ಹೂನೂ ಕಡ್ಡಿಗೆ ಬರುತ್ತೆ, ಅದೂ ಆರಾಮಾಗಿ. ಜೀನಿಯಾ, ಕಾಸ್ಮಾಸ್, ಆಸ್ಟರ್ ಇವಕ್ಕೆ ಕಡ್ಡಿ ಬೇಡ, ಟೈಮ್ ವೇಸ್ಟು, ಬೀಜಾನೇ ಹಾಕಿ.

ಮಾಡೋ ರೀತಿ ಹೇಳ್ತೀನಿ ಚೆಂಡು ಹೂವಿಂದೇ. ಮೊಗ್ಗು ಇಲ್ಲದ ಕುಡಿ ನೋಡಿ, ಒಂದು ಬೆರಳುದ್ದ ಸಾಕು, ಹೂ ಬಿಟ್ಟು ಮುದಿಯಾದ ಗಿಡದ್ದು ತಗೋಬೇಡಿ, ಅದು ಬೇರು ಬಿಡೋ ಬದ್ಲು ಮತ್ತೆ ಮೊಗ್ಗೇ ಬಿಡೋಕೆ ನೋಡುತ್ತೆ. ಹೊಸ ಬ್ಲೇಡಲ್ಲಿ ಗೆಣ್ಣಿನ ಕೆಳಗೆ ಸರಿಯಾಗಿ ಕತ್ತರಿಸಿ, ಕತ್ತರಿಲಿ ಕತ್ತರಿಸಿದ್ರೆ ಕಾಂಡ ಜಜ್ಜುತ್ತೆ, ಜಜ್ಜಿದ ಕಡೆಯಿಂದಾನೇ ಕೊಳೆಯೋದು. ಕೆಳಗಿನ ಎಲೆ ಎಲ್ಲ ತೆಗೆದು ಮೇಲೆ ಎರಡು ಜೊತೆ ಬಿಡಿ, ಮೊಗ್ಗೇನಾದ್ರೂ ಕಂಡ್ರೆ ಚಿವುಟಿ ಹಾಕಿ ಪಾಪ ಅನ್ನಬೇಡಿ. ಮರಳು ಕೊಕೊಪೀಟಿಗೆ ಮೊದಲು ಬೇರೊಂದು ಕಡ್ಡೀಲಿ ತೂತು ಮಾಡಿ ಆಮೇಲೆ ಕುಡಿ ಇಳಿಸಿ, ಸುತ್ತ ಬೆರಳಲ್ಲಿ ಒತ್ತಿ. ರೂಟಿಂಗ್ ಪೌಡರ್ ಇದ್ರೆ ಹಾಕಿ, ಇಲ್ದಿದ್ರೂ ನಡೆಯುತ್ತೆ, ಇವು ಮೆತ್ತಗಿನ ಗಿಡ, ದಾಸವಾಳದ ಥರ ಹಠ ಮಾಡಲ್ಲ. ಹತ್ತರಿಂದ ಹದಿನೈದು ದಿನ ಆದ ಮೇಲೆ ಮೆಲ್ಲಗೆ ಎಳೆದು ನೋಡಿ, ಹಿಡ್ಕೊಂಡಿದ್ರೆ ಬೇರು ಬಂತು ಅಂತ. ದಿನಾ ಎಳೆದು ನೋಡೋರೂ ಇದಾರೆ, ಅವರಿಗೆ ಏನೂ ಹೇಳೋಕಾಗಲ್ಲ.

ಕಡ್ಡಿಯ ಲಾಭ ಎರಡು. ಬೀಜದ ಸಸಿಗಿಂತ ಬೇಗ ಹೂ ಬರುತ್ತೆ. ತಾಯಿ ಗಿಡದ್ದೇ ಬಣ್ಣ, ಅದೇ ಸೈಜು. ನರ್ಸರಿಯಿಂದ ಎರಡೇ ಎರಡು ಒಳ್ಳೆ ಸಸಿ ತಂದು, ಕುಡಿ ಚಿವುಟಿ ಚಿವುಟಿ ನೆಟ್ರೆ ಅದೇ ಇಪ್ಪತ್ತು ಗಿಡ ಆಗುತ್ತೆ, ಚಿವುಟಿದ ತಾಯಿ ಗಿಡವೂ ಕವಲೊಡೆದು ಪೊದೆ ಆಗುತ್ತೆ. ನಿಮಗೆ ಇದೇ ಸರಿ ಅನ್ಸುತ್ತೆ ನನಗೆ.

ಅರಸೀಕೆರೆ_ಗೌಡ:

ಇಷ್ಟೆಲ್ಲ ಯಾಕ್ರಮ್ಮ ತಲೆಬಿಸಿ. ನಮ್ ಕಡೆ ಚೆಂಡು ಹೂ ಎಕರೆಗಟ್ಲೆ ಹಾಕ್ತೀವಿ, ನಾವೇ ಈಗ ಒಟ್ಲು ಬಿಡೋದು, ಅಂದ್ರೆ ಮಡೀಲಿ ಸಸಿ ಮಾಡೋದು, ಬಿಟ್ಟಿದೀವಿ, ನರ್ಸರಿಗೆ ಹೇಳಿದ್ರೆ ಟ್ರೇಲಿ ಸಸಿ ಮಾಡಿ ಕೊಡ್ತಾರೆ, ಸಾಲಾಗಿ ನೆಟ್ಕೊಂಡು ಹೋಗೋದು. ಮನೆಗೆ ಹತ್ತು ಸಸಿ ಬೇಕು ಅಂದ್ರೆ ಟ್ರೇ ಸಸಿ ಹತ್ತು ಈಸ್ಕೊಳ್ಳಿ, ಕವರ್ ಸಸಿಗಿಂತ ಎಷ್ಟೋ ಅಗ್ಗ ಬೀಳ್ತದೆ.

ಮತ್ತೆ ಹೋದ ವರ್ಷದ ದೊಡ್ಡ ಹೂವಿನ ಬೀಜ ಎತ್ತಿಟ್ಟಿದೀನಿ ಅಂದ್ರಲ್ಲ ಅದ್ರ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ. ಅದು ಹೈಬ್ರಿಡ್ಡು. ಅದ್ರ ಬೀಜ ಹಾಕಿದ್ರೆ ಒಂದು ಗಿಡ ಎದೆ ಮಟ್ಟ ಹೋಯ್ತದೆ ಒಂದು ಮೊಣಕಾಲಿಗೂ ಬರಲ್ಲ, ಒಂದ್ರಲ್ಲಿ ತುಂಬು ಹೂವು, ಇನ್ನೊಂದ್ರಲ್ಲಿ ಒಂದೇ ಸುತ್ತು ಎಸಳು. ಪೂಜೆಗೆ ಆಯ್ತದೆ, ಹಾರಕ್ಕೆ ಆಗಕ್ಕಿಲ್ಲ. ಮಾರ್ಕೆಟ್ಟಲ್ಲಿ ಅಂಥ ಹೂವ ಕೇಳೋರಿಲ್ಲ.

ಮನೇಲಿ ಮಾಡ್ಕೊಳ್ಳೋಂಗಿದ್ರೆ ಸೇವಂತಿಗೆ ಮಾಡ್ಕೊಳ್ಳಿ. ಅದು ಒಂದು ವರ್ಷದ ಗಿಡ ಅಲ್ಲ ನಿಜ, ಆದ್ರೆ ನಾವೂ ವರ್ಷ ವರ್ಷ ಹೊಸದಾಗೇ ನೆಡೋದು. ಹೂ ಮುಗಿದ ಮೇಲೆ ಬುಡಕ್ಕೆ ಕೊಯ್ದು ಬಿಟ್ರೆ ಸುತ್ತ ಮರಿ ಏಳ್ತವೆ, ಬೇರು ಸಮೇತ ಬಿಡಿಸಿ ನೆಡೋದು ಅಷ್ಟೇ. ಈಗ ಮರಿ ಕುಡಿ ಚಿವುಟಿ ಕಡ್ಡಿನೂ ಮಾಡ್ಬೋದು. ಹಗಲು ಕಮ್ಮಿ ಆಗ್ತಾ ಬಂದಂಗೆ ತಾನೇ ಮೊಗ್ಗು ಕಟ್ತದೆ.

ಮೂಡಿಗೆರೆ_ಹಾರ್ಟಿ:

ಗೌಡ್ರು ಹೈಬ್ರಿಡ್ ವಿಷಯ ಹೇಳಿದ್ದು ನೂರಕ್ಕೆ ನೂರು. ಎಫ್1 ಅಂದ್ರೆ ಎರಡು ತಳಿ ಕೂಡಿಸಿದ ಮೊದಲ ತಲೆಮಾರಿನ ಬೀಜದ ಗಿಡಗಳು ಒಂದೇ ಸಮ ಬರೋದು ಆ ಒಂದು ತಲೆಮಾರಿಗೆ ಮಾತ್ರ, ಅದರ ಬೀಜ ಹಾಕಿದ್ರೆ ತಂದೆ ತಾಯಿ ಗುಣ ಎಲ್ಲ ಬಿಡಿಬಿಡಿಯಾಗಿ ಹೊರಗೆ ಬರುತ್ತೆ. ಆದ್ರೆ ಮನೇಲಿ ಬೀಜ ಎತ್ತಿಡಲೇಬಾರದು ಅನ್ನೋಹಾಗಿಲ್ಲ ಗೌಡ್ರೇ. ಹೈಬ್ರಿಡ್ ಅಲ್ಲದ ತಳಿ ತಗೊಂಡ್ರೆ ಮನೆ ಬೀಜ ಚೆನ್ನಾಗೇ ನಡೆಯುತ್ತೆ. ಚೈನಾ ಆಸ್ಟರ್ ತಗೊಳ್ಳಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಬಿಟ್ಟಿರೋ ಅರ್ಕಾ ಕಾಮಿನಿ, ಅರ್ಕಾ ಪೂರ್ಣಿಮಾ, ಅರ್ಕಾ ಶಶಾಂಕ್ ಇವೆಲ್ಲ ಹೈಬ್ರಿಡ್ ಅಲ್ಲ, ಆಸ್ಟರ್ ಹೂವು ಹೆಚ್ಚಾಗಿ ತನಗೆ ತಾನೇ ಪರಾಗಸ್ಪರ್ಶ ಮಾಡ್ಕೊಳ್ಳುತ್ತೆ, ಬೀಜ ಎತ್ತಿಟ್ರೆ ಬಣ್ಣ ಅಷ್ಟಾಗಿ ಕೆಡಲ್ಲ. ಒಂದೇ ತೊಂದರೆ, ಆಸ್ಟರ್ ಬೀಜ ವರ್ಷದ ಮೇಲೆ ಇಟ್ರೆ ಮೊಳಕೆ ಬರೋದು ಕಮ್ಮಿ ಆಗುತ್ತೆ, ಆ ವರ್ಷದ್ದು ಆ ವರ್ಷವೇ ಹಾಕ್ಬೇಕು.

ಸುಮಾ ಮೇಡಂ, ದಸರಾ ಲೆಕ್ಕ ಕೇಳಿದ್ರಲ್ಲ. ಎತ್ತರದ ಚೆಂಡು ಹೂ ಬೀಜ ಹಾಕಿ ಮೂರು ನಾಲ್ಕು ವಾರಕ್ಕೆ ನೆಡೋಕೆ ಬರುತ್ತೆ, ನೆಟ್ಟ ಮೇಲೆ ಇನ್ನೂ 50 ರಿಂದ 60 ದಿನ ಹೂವಿಗೆ. ಈಗ ಜುಲೈ ಮಧ್ಯ, ಅಕ್ಟೋಬರ್‌ಗೆ ಸರಿಹೋಗುತ್ತೆ, ಮೋಡ ಜಾಸ್ತಿ ಇದ್ರೆ ನಿಧಾನ ಆಗೋದೂ ಇದೆ, ದಸರಾ ತಪ್ಪಿದ್ರೆ ದೀಪಾವಳಿಗಂತೂ ಗ್ಯಾರಂಟಿ. ಕುಳ್ಳ ಫ್ರೆಂಚ್ ಮಾರಿಗೋಲ್ಡ್ ಇನ್ನೂ ಬೇಗ. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಪ್ಯಾನ್ಸಿ ಇವನ್ನ ಈಗ ಮುಟ್ಟಲೇಬೇಡಿ, ಸೆಪ್ಟೆಂಬರ್ ಕೊನೆ, ಅಕ್ಟೋಬರಲ್ಲಿ ಬೀಜ ಹಾಕಿದ್ರೆ ಚಳಿಗೆ ಚೆನ್ನಾಗಿ ಬರುತ್ತೆ. ನಮ್ಮ ಚಿಕ್ಕಮಗಳೂರು ಚಳಿಗೆ ಪೆಟೂನಿಯಾ ಬಿಡೋ ಹಾಗೆ ಬಯಲುಸೀಮೇಲಿ ಬಿಡಲ್ಲ.

ಬೇಲೂರು_ಟೀಚರ್:

ಬೀಜ ಎತ್ತಿಡೋ ವಿಷಯ ಬಂತಲ್ಲ, ಅದೊಂದು ನನ್ನ ಹುಚ್ಚು, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ. ಹೈಬ್ರಿಡ್ ಬೀಜ ಹಾಕಬಾರದು ಅಂತ ಎಲ್ರೂ ಹೇಳ್ತೀರ, ಮಾರೋರಿಗೆ ಅದು ಸರಿ, ಅಂಗಳಕ್ಕೆ ಯಾಕೆ ಹಾಕಬಾರದು? ಏನು ಬರುತ್ತೋ ನೋಡೋಣ ಅನ್ನೋದ್ರಲ್ಲೇ ಒಂದು ಮಜಾ ಇದೆ, ಒಂದೇ ಸುತ್ತಿನ ಎಸಳಿನ ಚೆಂಡು ಹೂವಿಗೆ ಜೇನು ಎಷ್ಟು ಬರುತ್ತೆ ಗೊತ್ತಾ, ತುಂಬು ಹೂವಿಗೆ ಅಷ್ಟು ಬರಲ್ಲ. ಚೆನ್ನಾಗಿರೋದು ಇಟ್ಕೊಳ್ಳಿ, ಬೇಡದ್ದು ಹೂ ಬಿಟ್ಟ ತಕ್ಷಣ ಕಿತ್ತು ಹಾಕಿ.

ಚೆಂಡು ಹೂವಿನ ಬೀಜಕ್ಕೆ ಹೂವು ಗಿಡದಲ್ಲೇ ಒಣಗಬೇಕು, ತೊಟ್ಟಿನ ಹಸಿರು ಬಟ್ಟಲು ಕಂದು ಆಗೋವರೆಗೂ ಬಿಡಿ. ಆಮೇಲೆ ಬಟ್ಟಲು ಸೀಳಿದ್ರೆ ಒಳಗೆ ಒತ್ತೊತ್ತಾಗಿ ಕಡ್ಡಿ ಥರದ ಬೀಜ ಇರುತ್ತೆ, ಅರ್ಧ ಕಪ್ಪು, ಅರ್ಧ ಒಣಹುಲ್ಲಿನ ಬಣ್ಣ. ಕಪ್ಪು ಭಾಗ ಉಗುರಲ್ಲಿ ಒತ್ತಿದಾಗ ಗಟ್ಟಿ ಇದ್ರೆ ಬೀಜ ತುಂಬಿದೆ, ಬಾಗಿದ್ರೆ ಜೊಳ್ಳು. ಮಳೆಗಾಲದಲ್ಲಿ ಒಣಗಿದ ಹೂವು ನೀರು ಕುಡಿದು ಒಳಗೇ ಕೊಳೆಯುತ್ತೆ, ಅದಕ್ಕೆ ನವೆಂಬರ್ ಆಮೇಲಿನ ಹೂವಿಂದೇ ಬೀಜ ಹಿಡಿಯೋದು ನಾನು.

ಕರ್ಣಕುಂಡಲದ ಬೀಜ ಹಿಡಿಯೋದು ಒಂದು ಕಲೆ. ಕಾಯಿ ಉಬ್ಬಿ ಹಸಿರು ತೆಳುವಾಗಿ ಒಳಗಿನ ಬೀಜದ ನೆರಳು ಕಾಣ್ತಿದ್ರೆ ಅವತ್ತೇ ಹಿಡೀಬೇಕು, ನಾಳೆ ಅಂದ್ರೆ ಇರಲ್ಲ, ಪಟ್ ಅಂತ ಒಡೆದು ಸಿಪ್ಪೆ ಸುರುಳಿ ಸುತ್ಕೊಂಡು ಬೀಜ ಎಲ್ಲೋ ಹಾರಿರುತ್ತೆ. ಗಿಡದ ಮೇಲೇ ಪೇಪರ್ ಕವರ್ ತೂರಿಸಿ ಒಳಗೇ ಕಾಯಿ ಅಮುಕಿ. ನಮ್ಮ ಸ್ಕೂಲ್ ಮಕ್ಕಳಿಗೆ ಈ ಕೆಲಸ ಕೊಟ್ರೆ ಬೀಜ ಒಂದೂ ಉಳಿಯಲ್ಲ, ಎಲ್ಲ ಕಾಯಿ ಒಡೆದು ನಗ್ತಾ ನಿಂತಿರ್ತಾರೆ. ಕೋಳಿಜುಟ್ಟಿಗೆ ಅಷ್ಟು ಕಷ್ಟ ಇಲ್ಲ, ಜುಟ್ಟಿನ ಕೆಳಭಾಗ ಪೇಪರ್ ಮೇಲೆ ಉಜ್ಜಿದ್ರೆ ಮಿರಿಮಿರಿ ಕಪ್ಪು ಬೀಜ ಉದುರುತ್ತೆ. ಟೇಬಲ್ ರೋಸ್ ಕಾಯಿಗೆ ಮುಚ್ಚಳ ಇರುತ್ತೆ, ಅದು ತಾನೇ ಕಳಚಿದಾಗ ಕೆಳಗೆ ಅಂಗೈ ಹಿಡೀಬೇಕು, ಬೂದು ಬಣ್ಣದ ಪುಡಿ, ಉಸಿರು ಬಿಟ್ರೆ ಹಾರೋಗುತ್ತೆ.

ಇಡೋದು ಪೇಪರ್ ಕವರಲ್ಲಿ, ಆ ಕವರ್ ಸ್ಟೀಲ್ ಡಬ್ಬೀಲಿ, ಡಬ್ಬಿ ತಳಕ್ಕೆ ಹುರಿದು ಆರಿಸಿದ ಅಕ್ಕಿ ಒಂದು ಹಿಡಿ, ತೇವ ಎಳ್ಕೊಳ್ಳುತ್ತೆ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಅಡುಗೆಮನೆ ಸಜ್ಜದ ಮೇಲೆ ಎಸೆದ್ರೆ ನಮ್ಮ ಕಡೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ. ಹಾಕೋ ಮೊದಲು ಹತ್ತು ಬೀಜ ಒದ್ದೆ ಟಿಶ್ಯೂಲಿ ಸುತ್ತಿ ಡಬ್ಬೀಲಿಟ್ಟು ನೋಡಿ, ನಾಲ್ಕೈದು ದಿನಕ್ಕೆ ಎಷ್ಟು ಮೊಳೀತು ಅಂತ ಗೊತ್ತಾಗುತ್ತೆ, ಆಮೇಲೆ ಟ್ರೇ ತುಂಬಿ.

ಸುಮಾ_ಚಿಕ್ಕಮಗಳೂರು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅನ್ಕೊಂಡಿರಲಿಲ್ಲ. ಅಪ್‌ಡೇಟ್ ಕೊಡ್ತೀನಿ. ಟೀಚರ್ ಹೇಳಿದ ಟಿಶ್ಯೂ ಟೆಸ್ಟ್ ಮಾಡಿದೆ, ಮನೆ ಬೀಜ ಅರ್ಧಕ್ಕಿಂತ ಜಾಸ್ತಿ ಮೊಳೀತು, ಅದನ್ನ ಅಂಗಳಕ್ಕೆ ಅಂತ ಇಟ್ಟಿದೀನಿ. ಬಾಗಿಲಿನ ಹಾರಕ್ಕೆ ಗೌಡ್ರ ಮಾತು ಕೇಳಿ ಟ್ರೇ ಸಸಿ ಒಂದಿಷ್ಟು ತಂದೆ, ಹಾಸನದ ಸರ್ ಹೇಳಿದ ಹಾಗೆ ಅದರ ಕುಡಿ ಚಿವುಟಿ ಕಡ್ಡಿ ನೆಟ್ಟಿದೀನಿ. ಎರಡು ಕಪ್ಪಾಯ್ತು, ಉಳಿದಿದ್ದು ನಿಂತಿದೆ. ಎಳೆದು ನೋಡಿಲ್ಲ ಸರ್!

ಹೊಸ ತಲೆನೋವು ಏನಂದ್ರೆ ರಾತ್ರಿ ಏನೋ ಬಂದು ಜೀನಿಯಾ ಸಸಿಯ ಎಲೆ ತಿಂದು ದಂಟು ಮಾತ್ರ ಬಿಟ್ಟು ಹೋಗ್ತಿದೆ, ಬೆಳಿಗ್ಗೆ ಟ್ರೇ ಅಂಚಲ್ಲಿ ಬೆಳ್ಳಗೆ ಗೆರೆ ಇರುತ್ತೆ. ಮತ್ತೆ ಗೌಡ್ರೇ, ಪಕ್ಕದ ಮನೆ ಆಂಟಿ ಸೇವಂತಿಗೆ ಮರಿ ಕೊಟ್ರು, ಆದ್ರೆ ಅವರ ಮನೇಲಿ ಅದು ಹೋದ ವರ್ಷ ಪೂರ್ತಿ ಎಲೆನೇ ಬಿಡ್ತಂತೆ, ಮೊಗ್ಗೇ ಇಲ್ಲವಂತೆ. ತಳಿ ಸರಿ ಇಲ್ವಾ?

ಆಲ್ದೂರು_ಕಾಫಿ:

ಬಸವನ ಹುಳದ ಕೆಲಸ, ಆ ಬೆಳ್ಳಗಿನ ಗೆರೆ ಅದರ ಜೊಲ್ಲು. ಸಂಜೆ ಒಂದು ಒದ್ದೆ ಗೋಣಿ ಚೀಲ ಟ್ರೇ ಪಕ್ಕ ಹಾಸಿ, ಕೆಳಗೆ ಎರಡು ಪಪ್ಪಾಯಿ ಎಲೆ ಇಟ್ಟಿರು, ಬೆಳಕು ಹರಿಯೋ ಮೊದಲೇ ಎತ್ತಿ ನೋಡು, ಎಲ್ಲ ಅಡಿಗೆ ಸೇರ್ಕೊಂಡಿರುತ್ತೆ. ಬಕೆಟಲ್ಲಿ ಉಪ್ಪು ನೀರು ಇಟ್ಕೊಂಡು ಅದಕ್ಕೆ ಹಾಕು, ಬರಿಗೈಲಿ ಮುಟ್ಟಬೇಡ. ಉಪ್ಪು ಟ್ರೇ ಸುತ್ತ ಸುರೀತಾರೆ ಕೆಲವರು, ಮಳೆಗೆ ಕರಗಿ ಸಸಿ ಬುಡಕ್ಕೇ ಹೋಗುತ್ತೆ, ಆ ಬುದ್ಧಿವಂತಿಕೆ ಬೇಡ. ಟ್ರೇನ ಸ್ಟೂಲ್ ಮೇಲಿಟ್ಟು ಸ್ಟೂಲ್ ಕಾಲಿಗೆ ನೀರಿನ ಬಟ್ಟಲು ಕೊಟ್ರೆ ಇನ್ನೂ ಒಳ್ಳೇದು.

ಅರಸೀಕೆರೆ_ಗೌಡ:

ತಳಿದೇನೂ ಅಲ್ಲ ಕಣಮ್ಮ. ಆಂಟಿ ಮನೆ ಮುಂದೆ ಬೀದಿ ದೀಪ ಐತಾ ಕೇಳಿ. ಸೇವಂತಿಗೆಗೆ ರಾತ್ರಿ ಉದ್ದಕ್ಕೂ ಕತ್ಲೆ ಬೇಕು, ಲೈಟ್ ಬೀಳ್ತಿದ್ರೆ ಇನ್ನೂ ಬೇಸಿಗೆ ಅನ್ಕೊಂಡು ಎಲೆನೇ ಬಿಡ್ತದೆ. ಬೇಗ ಹೂ ಬರಬಾರದು ಅಂತ ಪಾಲಿಹೌಸಲ್ಲಿ ರಾತ್ರಿ ಬಲ್ಬ್ ಹಾಕೋರು ಅದಕ್ಕೇ. ಬೀದಿ ದೀಪ ಆರಿಸಕ್ಕೆ ಆಗಕ್ಕಿಲ್ಲ, ಹಂಗಾಗಿ ನೆಲಕ್ಕೆ ನೆಡಬೇಡಿ, ಕುಂಡದಲ್ಲಿ ಹಾಕಿ, ಆಗಸ್ಟ್ ಕೊನೆ ತಂಕ ಎಲ್ಲಿ ಬೇಕಾದ್ರೂ ಇರಲಿ, ಅಲ್ಲಿತಂಕ ಎರಡು ಸಲ ಕುಡಿ ಚಿವುಟಿ, ಆಮೇಲೆ ದೀಪ ಬೀಳದಂಗೆ ಮನೆ ಹಿಂದಕ್ಕೆ ಜರುಗಿಸಿ. ಟೆರೇಸ್ ಲೈಟೂ ಸಂಜೆ ಆದ್ಮೇಲೆ ಆಫ್ ಮಾಡಿ. ಮೊಗ್ಗು ಬಟಾಣಿ ಗಾತ್ರ ಆದ್ಮೇಲೆ ತಂದು ಬಾಗಿಲಲ್ಲಿ ಇಟ್ಕೊಂಡ್ರೂ ತೊಂದ್ರೆ ಇಲ್ಲ.